ಮನೆಯಲ್ಲೇ ಆಡಿಷನ್: 4ಕೆ ಕ್ಯಾಮೆರಾ ಬೇಕೇ, ಮೊಟ್ಟೆ ಟ್ರೇ ಬೇಕೇ, ‘ನೋಂದಣಿ ಶುಲ್ಕ’ ಕಟ್ಟಬೇಕೇ?

“ಹೊಸ ಧಾರಾವಾಹಿಗೆ ಹೊಸ ಮುಖಗಳು ಬೇಕಾಗಿವೆ. ವಯಸ್ಸು 5ರಿಂದ 60. ಅನುಭವ ಬೇಡ. ಮನೆಯಲ್ಲೇ ವಿಡಿಯೋ ಮಾಡಿ ಕಳಿಸಿ. ಅವಕಾಶ ಕೆಲವರಿಗೆ ಮಾತ್ರ, ಬೇಗ ಎಲ್ಲ ಗ್ರೂಪ್‌ಗಳಿಗೂ ಕಳಿಸಿ.” ಈ ಧಾಟಿಯ ಸಂದೇಶ ನಿಮ್ಮ ಮೊಬೈಲಿಗೂ ಒಮ್ಮೆಯಾದರೂ ಬಂದಿರಬಹುದು. ಇದರ ಬೆನ್ನಿಗೇ ಬುದ್ಧಿಮಾತಿನ ಫಾರ್ವರ್ಡ್‌ಗಳೂ ಬರುತ್ತವೆ. 4ಕೆ ಇಲ್ಲದಿದ್ದರೆ ವಿಡಿಯೋ ತೆರೆದೂ ನೋಡುವುದಿಲ್ಲವಂತೆ, ರಿಂಗ್ ಲೈಟ್ ಕಡ್ಡಾಯವಂತೆ, ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಕೋಣೆಯೇ ಸ್ಟುಡಿಯೋ ಆಗುತ್ತದಂತೆ.

ಇಷ್ಟರಲ್ಲಿ ‘ಮನೆಯಲ್ಲೇ ವಿಡಿಯೋ ಮಾಡಿ ಕಳಿಸಿ’ ಎಂಬುದೊಂದು ಮಾತ್ರ ನಿಜಕ್ಕೆ ಹತ್ತಿರ. ನಟರು ತಮ್ಮ ಆಡಿಷನ್ ಅನ್ನು ತಾವೇ ಚಿತ್ರೀಕರಿಸಿ ಕಳಿಸುವುದಕ್ಕೆ ‘ಸೆಲ್ಫ್ ಟೇಪ್’ ಎನ್ನುತ್ತಾರೆ. ಮೊದಲೂ ಇದ್ದ ಈ ಪದ್ಧತಿ 2020ರ ಲಾಕ್‌ಡೌನ್ ನಂತರ ಎಲ್ಲ ಕಡೆ ಮಾಮೂಲಾಯಿತು. ಪಾತ್ರ ಆರಿಸುವವರು ಒಂದೆರಡು ಪುಟದ ಸಂಭಾಷಣೆ ಕಳಿಸುತ್ತಾರೆ, ನೀವು ಅಭಿನಯಿಸಿ ವಿಡಿಯೋ ವಾಪಸು ಕಳಿಸುತ್ತೀರಿ. ಬೀದರ್‌ನಲ್ಲೋ ಸುಳ್ಯದಲ್ಲೋ ಇರುವವರು ಎರಡು ನಿಮಿಷದ ಆಡಿಷನ್‌ಗಾಗಿ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಬರಬೇಕಿಲ್ಲ ಎಂಬುದು ಇದರ ದೊಡ್ಡ ಲಾಭ. ಆದರೆ ಈ ಅನುಕೂಲದ ಸುತ್ತಲೇ ಸಾಮಾನು ಮಾರುವವರೂ ಸುಳ್ಳು ಹೇಳುವವರೂ ಸೇರಿಕೊಂಡಿದ್ದಾರೆ.

ಮೊದಲು ಕ್ಯಾಮೆರಾ ವಿಷಯ. ಹಾಲಿವುಡ್‌ನ ನಟರ ಸಂಘ ಸ್ಯಾಗ್-ಆಫ್ಟ್ರಾ 2023ರಲ್ಲಿ 118 ದಿನ ಮುಷ್ಕರ ಮಾಡಿತು. ಕೃತಕ ಬುದ್ಧಿಮತ್ತೆಯ ಕಾರಣಕ್ಕೆ ಅದು ಸುದ್ದಿಯಾಯಿತಾದರೂ, ಸೆಲ್ಫ್ ಟೇಪ್ ಕೂಡ ಅಲ್ಲಿನ ಜಗಳದ ವಿಷಯವಾಗಿತ್ತು. ಆಡಿಷನ್‌ನ ಖರ್ಚೆಲ್ಲ ನಟರ ತಲೆಗೇ ಬಂತು ಎಂಬುದು ಅವರ ದೂರು. ಕೊನೆಗೆ ಆದ ಒಪ್ಪಂದದಲ್ಲಿ ನಿರ್ಮಾಪಕರು 720 ಪಿಗಿಂತ ಹೆಚ್ಚಿನ ಗುಣಮಟ್ಟದ ವಿಡಿಯೋ ಕೇಳುವಂತಿಲ್ಲ, ಲೈಟು, ಪರದೆ, ಸಲಕರಣೆಗೆಂದು ಖರ್ಚು ಮಾಡಿಸುವಂತಿಲ್ಲ ಎಂದು ಬರೆಸಿಕೊಂಡರು. ಅಷ್ಟು ದೊಡ್ಡ ಉದ್ಯಮಕ್ಕೆ ಸಾಕಾದದ್ದು ನಮ್ಮ ಧಾರಾವಾಹಿಗೆ ಸಾಲದೇ? ನಿಮ್ಮ ಕೈಯಲ್ಲಿರುವ ಸಾಧಾರಣ ಫೋನು ಕೂಡ 1080 ಪಿಯಲ್ಲಿ ಚಿತ್ರೀಕರಿಸುತ್ತದೆ. 4ಕೆ ಎಂದರೆ ಅದರ ನಾಲ್ಕು ಪಟ್ಟು ಪಿಕ್ಸೆಲ್‌ಗಳು. ಫೈಲು ಭಾರವಾಗಿ ಅಪ್‌ಲೋಡ್ ಆಗದೆ ಒದ್ದಾಡುವುದೇ ಹೆಚ್ಚು.

ಇನ್ನೊಂದು ಉದಾಹರಣೆ. ನೆಟ್‌ಫ್ಲಿಕ್ಸ್‌ನ ‘ನೆವರ್ ಹ್ಯಾವ್ ಐ ಎವರ್’ ಸರಣಿಗೆ ನಾಯಕಿ ಬೇಕೆಂದು ಮಿಂಡಿ ಕೇಲಿಂಗ್ ಸಾಮಾಜಿಕ ಜಾಲತಾಣದಲ್ಲಿ ಬಹಿರಂಗ ಕರೆ ಕೊಟ್ಟಾಗ ಸುಮಾರು 15,000 ಮಂದಿ ಅರ್ಜಿ ಹಾಕಿದ್ದರು. ಆಯ್ಕೆಯಾದ ಮೈತ್ರೇಯಿ ರಾಮಕೃಷ್ಣನ್ ಕೆನಡಾದ ತಮಿಳು ಕುಟುಂಬದ ಹುಡುಗಿ. ಆಕೆ ತನ್ನ ಊರಿನ ಗ್ರಂಥಾಲಯದಲ್ಲಿ, ಅಮ್ಮನ ಕ್ಯಾಮೆರಾದಲ್ಲಿ, ಗೆಳತಿಯ ಜೊತೆ ಸೇರಿ ವಿಡಿಯೋ ಮಾಡಿ ಕಳಿಸಿದ್ದಳು.

ಹಾಗಾದರೆ ವಿಡಿಯೋ ನೋಡುವವರಿಗೆ ಬೇಕಾದದ್ದು ಏನು? ಮುಖ ಕಾಣಬೇಕು, ಕಣ್ಣು ಕಾಣಬೇಕು, ಮಾತು ಕೇಳಬೇಕು. ಈ ಮೂರಕ್ಕೂ ಬೇಕಿರುವುದು ಸ್ವಲ್ಪ ಭೌತಶಾಸ್ತ್ರ, ಉಳಿದದ್ದು ಮನೆಯ ಹಳೇ ಸಾಮಾನು.

ಬೆಳಕಿಗೆ ಕಿಟಕಿಯಷ್ಟು ಒಳ್ಳೆಯ ಸಾಧನ ಬೇರೆ ಇಲ್ಲ. ಬೆಳಕಿನ ಮೂಲ ಚಿಕ್ಕದಾದಷ್ಟೂ ನೆರಳು ಚೂಪಾಗುತ್ತದೆ, ದೊಡ್ಡದಾದಷ್ಟೂ ಮೆತ್ತಗಾಗುತ್ತದೆ. ರಿಂಗ್ ಲೈಟ್ ಒಂದು ತಟ್ಟೆಯಷ್ಟಿದ್ದರೆ ಕಿಟಕಿ ಮೂರು ಅಡಿ ಅಗಲ ಇರುತ್ತದೆ. ರಿಂಗ್ ಲೈಟು ಕಣ್ಣಿನ ಗುಡ್ಡೆಯಲ್ಲಿ ಬಳೆಯಂತೆ ಹೊಳೆಯುವುದೂ, ಕನ್ನಡಕ ಹಾಕಿದವರಿಗೆ ಎರಡು ಬಳೆ ಮೂಡುವುದೂ ಬೇರೆ ಮಾತು. ಕಿಟಕಿ ನಿಮ್ಮ ಬೆನ್ನ ಹಿಂದೆ ಇರಬಾರದು, ಎದುರಿಗೆ ಅಥವಾ ಸ್ವಲ್ಪ ಓರೆಗೆ ಇರಲಿ. ಬಿಸಿಲು ನೇರ ಒಳಗೆ ಬಿದ್ದರೆ ಕಿಟಕಿಯ ಸರಳುಗಳ ನೆರಳೂ ಮುಖದ ಮೇಲೆ ಬೀಳುತ್ತದೆ. ಆಗ ಒಂದು ತೆಳು ಬಿಳಿ ಪಂಚೆಯನ್ನು ಕಿಟಕಿಗೆ ಕಟ್ಟಿ. ಪಂಚೆಯೇ ಬೆಳಕಿನ ಮೂಲವಾಗಿ ಬದಲಾಗುತ್ತದೆ, ನೆರಳು ಕರಗುತ್ತದೆ. ಮುಖದ ಇನ್ನೊಂದು ಬದಿ ಕತ್ತಲಾಗಿ ಕಂಡರೆ ಆ ಕಡೆ ಒಂದು ಬಿಳಿ ಥರ್ಮೋಕೋಲ್ ಹಾಳೆ ನಿಲ್ಲಿಸಿದರೆ ಮುಗಿಯಿತು.

ಕಿಟಕಿಯ ಬೆಳಕಿನ ಜೊತೆ ಮನೆಯ ಹಳದಿ ಬಲ್ಬನ್ನೂ ಹಾಕುವುದು ಸಾಮಾನ್ಯ ತಪ್ಪು. ಹಗಲಿನ ಬೆಳಕಿನ ಬಣ್ಣದ ತಾಪ ಸುಮಾರು 5500ರಿಂದ 6500 ಕೆಲ್ವಿನ್, ಹಳದಿ ಬಲ್ಬಿನದು 2700ರ ಆಸುಪಾಸು. ನಮ್ಮ ಮಿದುಳು ಈ ವ್ಯತ್ಯಾಸವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಕ್ಯಾಮೆರಾ ಒಂದು ಸಲಕ್ಕೆ ಒಂದನ್ನೇ ‘ಬಿಳಿ’ ಎಂದುಕೊಳ್ಳಬಲ್ಲದು. ಹಾಗಾಗಿ ಒಂದು ಕೆನ್ನೆ ನೀಲಿ, ಇನ್ನೊಂದು ಕಾಮಾಲೆ ಬಂದಂತೆ ಕಾಣುತ್ತದೆ. ರಾತ್ರಿಯೇ ಮಾಡಬೇಕಾಗಿ ಬಂದರೆ ಎಲ್ಲ ದೀಪಗಳೂ ಒಂದೇ ಬಣ್ಣದವಿರಲಿ. ಪರದೆಯ ಮೇಲೆ ಕಪ್ಪು ಪಟ್ಟಿಗಳು ಹರಿದಾಡಿದರೆ ಫೋನು ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಹಳೇ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಅದು ಗೊತ್ತಾಗದು, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಫೋನಿನ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ 50 ಹರ್ಟ್ಸ್ ಆಯ್ಕೆ ಇದ್ದರೆ ಹಾಕಿ, ಇಲ್ಲದಿದ್ದರೆ ಸೆಕೆಂಡಿಗೆ 25 ಫ್ರೇಮ್ ಇಟ್ಟು ನೋಡಿ.

ಬೆಳಕಿನ ಬಗ್ಗೆ ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಬೇರೆಯೇ ಇದೆ. “ನನ್ನ ಬಣ್ಣ ಕಪ್ಪು, ಕ್ಯಾಮೆರಾದಲ್ಲಿ ಮುಖವೇ ಕಾಣುವುದಿಲ್ಲ” ಎಂದು ಹಿಂಜರಿಯುವವರು, ದಪ್ಪಗೆ ಪೌಡರ್ ಹಚ್ಚಿಕೊಳ್ಳುವವರು ಬಹಳ. ತಪ್ಪು ಚರ್ಮದ್ದಲ್ಲ. ಫೋನಿನ ಆಟೋ ವ್ಯವಸ್ಥೆ ಚೌಕಟ್ಟಿನ ಒಟ್ಟು ಬೆಳಕಿನ ಸರಾಸರಿ ನೋಡುತ್ತದೆ. ಹಿಂದೆ ಸುಣ್ಣದ ಬಿಳಿ ಗೋಡೆ ಇದ್ದರೆ ‘ಬೆಳಕು ಜಾಸ್ತಿಯಾಯಿತು’ ಎಂದುಕೊಂಡು ಇಡೀ ಚಿತ್ರವನ್ನೇ ಮಂಕು ಮಾಡುತ್ತದೆ. ಗೋಡೆ ಸರಿಯಾಗಿ ಕಾಣುತ್ತದೆ, ಮುಖ ಕತ್ತಲಲ್ಲಿ ಉಳಿಯುತ್ತದೆ. ಪರದೆಯಲ್ಲಿ ನಿಮ್ಮ ಮುಖದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಬಹುತೇಕ ಫೋನುಗಳಲ್ಲಿ ಬೆಳಕೂ ಫೋಕಸ್ಸೂ ಅಲ್ಲಿಗೇ ಲಾಕ್ ಆಗುತ್ತವೆ. ಹಿಂದೆ ಬೂದು ಅಥವಾ ತಿಳಿನೀಲಿ ಬಣ್ಣದ, ಇಸ್ತ್ರಿ ಮಾಡಿದ ಬೆಡ್‌ಶೀಟ್ ಕಟ್ಟಿದರೆ ಇನ್ನೂ ಒಳ್ಳೆಯದು. ಬ್ಯೂಟಿ ಮೋಡ್ ಮಾತ್ರ ಖಂಡಿತ ಆಫ್ ಮಾಡಿ. ಅದು ಚರ್ಮ ನುಣುಪು ಮಾಡುವ ಭರದಲ್ಲಿ ಹಣೆಯ ಗೆರೆ, ಕಣ್ಣಂಚಿನ ಸುಕ್ಕುಗಳನ್ನೂ ಅಳಿಸುತ್ತದೆ. ಅಭಿನಯ ಇರುವುದು ಆ ಗೆರೆಗಳಲ್ಲೇ.

ಮುಖ ದಪ್ಪ, ಮೂಗು ದೊಡ್ಡದು ಎಂಬ ಕೊರಗಿಗೂ ಲೆಕ್ಕದ ಉತ್ತರ ಇದೆ. ಅಮೆರಿಕದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, 12 ಇಂಚು ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು 5 ಅಡಿ ದೂರದಿಂದ ತೆಗೆದ ಚಿತ್ರಕ್ಕಿಂತ ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ. ಕ್ಯಾಮೆರಾ ತೀರಾ ಹತ್ತಿರ ಇದ್ದಾಗ ಕಿವಿಗಿಂತ ಮೂಗು ಅದಕ್ಕೆ ಬಹಳ ಸಮೀಪದ್ದು, ಅಷ್ಟೇ ಕಾರಣ. ಆದ್ದರಿಂದ ಕೈಯಲ್ಲಿ ಹಿಡಿದು ಸೆಲ್ಫಿ ವಿಡಿಯೋ ಬೇಡ. ಫೋನನ್ನು ನಾಲ್ಕೈದು ಅಡಿ ದೂರದಲ್ಲಿ, ನಿಮ್ಮ ಕಣ್ಣಿನ ಎತ್ತರಕ್ಕೆ, ಅಡ್ಡಲಾಗಿ ನಿಲ್ಲಿಸಿ. ಟ್ರೈಪಾಡ್ ಇಲ್ಲದಿದ್ದರೆ ಸ್ಟೂಲಿನ ಮೇಲೆ ಅಕ್ಕಿ ಡಬ್ಬ, ಅದರ ಮೇಲೆ ನಾಲ್ಕು ಪುಸ್ತಕ. ಹಿಂಬದಿ ಕ್ಯಾಮೆರಾವನ್ನೇ ಬಳಸಿ. ಎದೆಯಿಂದ ಮೇಲೆ ಕಂಡರೆ ಸಾಕು. ಸಣ್ಣ ಪಟ್ಟೆಯ ಅಂಗಿ ಪರದೆಯ ಮೇಲೆ ಅಲೆಅಲೆಯಾಗಿ ಮಿಣುಕುತ್ತದೆ, ಒಂದೇ ಬಣ್ಣದ ಬಟ್ಟೆ ಹಾಕಿ.

ಇನ್ನು ಮೊಟ್ಟೆ ಟ್ರೇ. ಈ ನಂಬಿಕೆ ಎಷ್ಟು ಗಟ್ಟಿ ಎಂದರೆ ಸಣ್ಣಪುಟ್ಟ ರೆಕಾರ್ಡಿಂಗ್ ಕೋಣೆಗಳಲ್ಲೂ ಅವನ್ನು ಅಂಟಿಸಿರುತ್ತಾರೆ. ಹೊರಗಿನ ಸದ್ದನ್ನು ತಡೆಯಲು ತೂಕ ಬೇಕು. ಇಟ್ಟಿಗೆ ಗೋಡೆ ತಡೆಯುತ್ತದೆ, ಕಾಗದದ ಟ್ರೇ ತಡೆಯುವುದಿಲ್ಲ. ಒಳಗಿನ ಪ್ರತಿಧ್ವನಿಯನ್ನು ಹೀರಲು ದಪ್ಪನೆಯ, ಗಾಳಿಯಾಡುವ, ಮೆತ್ತನೆಯ ವಸ್ತು ಬೇಕು. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. 125 ಹರ್ಟ್ಸ್‌ನ ಗಂಡುದನಿಯ ಒಂದು ಅಲೆಯ ಉದ್ದ ಎರಡೂಮುಕ್ಕಾಲು ಮೀಟರ್‌ನಷ್ಟು. ಅಷ್ಟು ದೊಡ್ಡ ಅಲೆಗೆ ಒಂದೆರಡು ಇಂಚಿನ ಕಾಗದದ ಗುಂಡಿಗಳು ಇದ್ದೂ ಇಲ್ಲದಂತೆ. ತೀರಾ ಕೀರಲು ಸದ್ದು ಒಂದಿಷ್ಟು ಚದುರಬಹುದು, ಅಷ್ಟೇ. ಮೇಲಾಗಿ ಒಣಕಾಗದ, ಒಂದು ಕಿಡಿ ಸಾಕು.

ಟ್ರೇ ಬದಲು ಬೀರುವಿನ ಬಾಗಿಲು ತೆರೆದಿಡಿ, ಒಳಗಿನ ಸೀರೆ, ಶಾಲುಗಳೇ ಕೆಲಸ ಮಾಡುತ್ತವೆ. ಫೋನಿನ ಹಿಂದೆ ಒಂದು ಹಾಸಿಗೆ ಎತ್ತಿ ನಿಲ್ಲಿಸಿ, ಕಾಲ ಕೆಳಗೆ ಜಮಖಾನ ಹಾಸಿ. ತಾರಸಿ ಮನೆಯ ಖಾಲಿ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ, ಹಾಸಿಗೆ ಇಟ್ಟ ಮೇಲೆ ಮತ್ತೊಮ್ಮೆ ತಟ್ಟಿ. ವ್ಯತ್ಯಾಸ ನಿಮ್ಮ ಕಿವಿಗೇ ಗೊತ್ತಾಗುತ್ತದೆ. ಮೈಕಿನಿಂದ ದೂರ ಎರಡು ಪಟ್ಟಾದರೆ ನಿಮ್ಮ ನೇರ ದನಿ 6 ಡೆಸಿಬೆಲ್ ಇಳಿಯುತ್ತದೆ, ಗೋಡೆಗೆ ಬಡಿದು ಬರುವ ಸದ್ದು ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಫೋನು ದೂರ ಇಟ್ಟಾಗ ‘ಬಾವಿಯೊಳಗಿಂದ ಮಾತಾಡಿದ ಹಾಗಿದೆ’ ಎನಿಸುವುದು ಇದರಿಂದಲೇ. ಏನಾದರೂ ಕೊಳ್ಳಲೇಬೇಕು ಎನಿಸಿದರೆ, ಅಂಗಿಗೆ ಸಿಕ್ಕಿಸುವ ಕೆಲವು ನೂರು ರೂಪಾಯಿಯ ಕಾಲರ್ ಮೈಕು ಕೊಳ್ಳಿ. ನಮ್ಮ ಲೆಕ್ಕದಲ್ಲಿ ಹಣ ಹಾಕಬಹುದಾದ ವಸ್ತು ಅದೊಂದೇ. ಫ್ಯಾನು ಆಫ್, ಫೋನು ಏರೋಪ್ಲೇನ್ ಮೋಡ್. ಕುಕ್ಕರ್ ಸೀಟಿಯ ಹೊತ್ತು ಮನೆಯವರಿಗೇ ಗೊತ್ತು.

ಎದುರಿನ ಪಾತ್ರದ ಮಾತು ಹೇಳಲು ಒಬ್ಬರು ಬೇಕು. ಅಕ್ಕನೋ ಗೆಳೆಯನೋ ಯಾರಾದರೂ ಆದೀತು. ಅವರು ಫೋನಿನ ಪಕ್ಕದಲ್ಲೇ ನಿಲ್ಲುವುದರಿಂದ ಅವರ ದನಿಯೇ ನಿಮಗಿಂತ ಜೋರಾಗಿ ದಾಖಲಾಗುತ್ತದೆ. ಮೆಲ್ಲಗೆ ಓದಲಿ, ಫೋನಿಗಿಂತ ಒಂದು ಹೆಜ್ಜೆ ಹಿಂದೆ ನಿಲ್ಲಲಿ. ನೀವು ಅವರ ಕಣ್ಣನ್ನು ನೋಡುತ್ತಾ ಅಭಿನಯಿಸಿ, ಲೆನ್ಸನ್ನಲ್ಲ. ಹೆಸರು, ಎತ್ತರ, ಊರು ಹೇಳುವ ಪರಿಚಯದ ಭಾಗದಲ್ಲಿ ಮಾತ್ರ ಲೆನ್ಸ್ ನೋಡಿ. ನಾಟಕ ಮಾಡಿ ಬಂದವರಿಗೆ ಇಲ್ಲೊಂದು ಕಷ್ಟ ಇದೆ. ಹೆಗ್ಗೋಡಿನಲ್ಲೋ ಮೈಸೂರಿನ ರಂಗಾಯಣದಲ್ಲೋ ಕಲಿತ ದನಿ ಕೊನೆಯ ಸಾಲಿನವರೆಗೆ ತಲುಪಬೇಕಾದ ದನಿ. ಇಲ್ಲಿ ಪ್ರೇಕ್ಷಕ ನಾಲ್ಕು ಅಡಿ ದೂರದಲ್ಲಿ ಡಬ್ಬದ ಮೇಲೆ ಕೂತಿದ್ದಾನೆ.

ಮಾಡಿದ ವಿಡಿಯೋ ನೋಡಿದ ಕೂಡಲೇ “ಥೂ, ಇದು ನಾನೇನಾ?” ಎನಿಸುವುದೂ ಸಹಜವೇ. ಮಾತಾಡುವಾಗ ನಮ್ಮ ದನಿ ಗಾಳಿಯಿಂದಲ್ಲದೆ ತಲೆಬುರುಡೆಯ ಮೂಳೆಯ ಮೂಲಕವೂ ನಮ್ಮ ಕಿವಿಗೆ ಬರುತ್ತದೆ. ಆ ಗುಂಭ ರೆಕಾರ್ಡಿಂಗ್‌ನಲ್ಲಿ ಇರುವುದಿಲ್ಲ, ದನಿ ತೆಳು ಎನಿಸುತ್ತದೆ. ಮುಖದ ಕತೆಯೂ ಹೀಗೇ. 1977ರ ಒಂದು ಪ್ರಯೋಗದಲ್ಲಿ ಜನ ತಮ್ಮ ಕನ್ನಡಿಯ ರೂಪವನ್ನೇ ಹೆಚ್ಚು ಮೆಚ್ಚಿದರು, ಅವರ ಗೆಳೆಯರು ಕನ್ನಡಿಯದ್ದಲ್ಲದ ನಿಜ ರೂಪವನ್ನು ಮೆಚ್ಚಿದರು. ಎರಡೂ ಕಡೆಯವರು ದಿನಾ ನೋಡಿ ರೂಢಿಯಾದದ್ದನ್ನೇ ಆರಿಸಿದ್ದರು. ಹಾಗಾಗಿ ನಲವತ್ತು ಟೇಕ್ ತೆಗೆದು ಕೊನೆಗೆ ಏನನ್ನೂ ಕಳಿಸದೆ ಕೂರುವ ಬದಲು, ನಾಲ್ಕೈದು ಟೇಕ್ ತೆಗೆದು ಯಾವುದು ಚೆನ್ನಾಗಿದೆ ಎಂದು ಬೇರೆಯವರನ್ನು ಕೇಳಿ.

ವಾಟ್ಸ್ಆ್ಯಪ್‌ನಲ್ಲಿ ಮಾಮೂಲು ವಿಡಿಯೋ ಆಗಿ ಕಳಿಸಿದರೆ ಅದು ಕುಗ್ಗಿಸಲ್ಪಟ್ಟು ಮಸುಕಾಗುತ್ತದೆ. ‘ಡಾಕ್ಯುಮೆಂಟ್’ ಆಯ್ಕೆಯಲ್ಲಿ ಕಳಿಸಿದರೆ ಇದ್ದ ಹಾಗೆಯೇ ತಲುಪುತ್ತದೆ. ಫೈಲಿಗೆ ನಿಮ್ಮ ಹೆಸರು, ಪಾತ್ರದ ಹೆಸರು ಕೊಡಿ. ಮೊದಲು ಇನ್ನೊಂದು ಫೋನಿನಲ್ಲಿ ಹಾಕಿ ನೋಡಿ.

ಆದರೆ ಯಾರಿಗೆ ಕಳಿಸುತ್ತಿದ್ದೀರಿ? ಆಡಿಷನ್ ಎಂಬುದು ನಿರ್ಮಾಪಕರ ಅಗತ್ಯ. ನಟರನ್ನು ಹುಡುಕುವವರಿಗೆ ಸಂಬಳ ಕೊಡುವುದು ನಿರ್ಮಾಣ ಸಂಸ್ಥೆಯೇ ಹೊರತು ನೀವಲ್ಲ. ಆದ್ದರಿಂದ ‘ನೋಂದಣಿ’, ‘ಪೋರ್ಟ್‌ಫೋಲಿಯೊ’, ‘ಆರ್ಟಿಸ್ಟ್ ಕಾರ್ಡ್’ ಯಾವ ಹೆಸರಿನಲ್ಲೇ ಆಗಲಿ, ಆಡಿಷನ್ ನೋಡಲು ದುಡ್ಡು ಕೇಳಿದರೆ ಅಲ್ಲಿಗೆ ಮಾತು ನಿಲ್ಲಿಸಿ. ನಿರ್ಮಾಣ ಸಂಸ್ಥೆಯ ಅಥವಾ ವಾಹಿನಿಯ ಅಧಿಕೃತ ಪುಟದಲ್ಲಿ ಅದೇ ಕರೆ ಇದೆಯೇ ನೋಡಿ, ಫಾರ್ವರ್ಡ್‌ನಲ್ಲಿರುವ ನಂಬರಿಗೇ ಫೋನ್ ಮಾಡಿ ‘ಖಚಿತ’ಪಡಿಸಿಕೊಳ್ಳಬೇಡಿ. ಓದಲು ಸಂಭಾಷಣೆಯನ್ನೇ ಕೊಡದೆ ಬರೀ ಫೋಟೋ ಕೇಳಿದರೆ ಅನುಮಾನಿಸಿ. ಮೈ ಕಾಣುವ ವಿಡಿಯೋ ಕೇಳಿದರೆ ಕಾರಣವನ್ನೂ ಕೇಳಬೇಡಿ, ಸಂದೇಶದ ಸ್ಕ್ರೀನ್‌ಶಾಟ್ ತೆಗೆದಿಟ್ಟು ಬ್ಲಾಕ್ ಮಾಡಿ. ಮಕ್ಕಳ ವಿಡಿಯೋ ಆದರೆ ಈ ಎಚ್ಚರ ಎರಡು ಪಟ್ಟಿರಲಿ.

ವಂಚನೆಯ ಹದ ಬಹಳ ಸಲ ಒಂದೇ. ವಿಡಿಯೋ ಕಳಿಸಿದ ಗಂಟೆಯೊಳಗೆ “ಸೆಲೆಕ್ಟ್ ಆಗಿದ್ದೀರಿ” ಎಂದು ಕರೆ ಬರುತ್ತದೆ. ಮೊದಲು ಚಿಲ್ಲರೆ ಮೊತ್ತ, ಆಮೇಲೆ ‘ಕಾಸ್ಟ್ಯೂಮ್ ಡೆಪಾಸಿಟ್’, ಆಮೇಲೆ ‘ಒಪ್ಪಂದದ ಸ್ಟಾಂಪ್ ಶುಲ್ಕ’. ಕೊಟ್ಟದ್ದು ಹೋಗಬಾರದೆಂದು ಜನ ಮತ್ತೆ ಕೊಡುತ್ತಾರೆ. ಹಣ ವಾಪಸು ಹಾಕುತ್ತೇವೆ, ಯುಪಿಐ ಪಿನ್ ಒತ್ತಿ ಎಂದರೆ ಒತ್ತಲೇಬೇಡಿ, ಹಣ ಪಡೆಯಲು ಪಿನ್ ಬೇಕಿಲ್ಲ. ಬೇರೊಬ್ಬರ ಹೆಸರಿನಲ್ಲಿ ಆನ್‌ಲೈನ್ ಮೋಸ ಮಾಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ ಮೂರು ವರ್ಷದವರೆಗೆ ಜೈಲು ಆಗಬಹುದಾದ ಅಪರಾಧ. ಈಗಾಗಲೇ ಹಣ ಹೋಗಿದ್ದರೆ ನಾಚಿಕೆಯಿಂದ ಸುಮ್ಮನೆ ಕೂರಬೇಡಿ, ಕೂಡಲೇ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣ ಇನ್ನೊಂದು ಖಾತೆಗೆ ಜಾರುವ ಮುಂಚೆ ತಡೆಯುವ ಸಾಧ್ಯತೆ ಹೆಚ್ಚು.

ನಿಜವಾದ ಆಡಿಷನ್‌ಗೆ ಉತ್ತರ ಬರುವುದು ಇಷ್ಟು ಬೇಗವಲ್ಲ. ಎಷ್ಟೋ ಸಲ ಬರುವುದೇ ಇಲ್ಲ. ಪಾತ್ರಕ್ಕೆ ಬೇಕಿದ್ದ ವಯಸ್ಸು, ಎತ್ತರ, ಎದುರು ನಟಿಸುವವರ ಜೋಡಿ, ಹೀಗೆ ನಿಮ್ಮ ಅಭಿನಯಕ್ಕೆ ಸಂಬಂಧವೇ ಇಲ್ಲದ ಕಾರಣಗಳು ಹಲವು ಇರುತ್ತವೆ. ಬೆಡ್‌ಶೀಟ್ ಮಡಚಿಡಿ, ಪಂಚೆ ವಾಪಸು ಕೊಡಿ, ಹಾಸಿಗೆ ಅದರ ಜಾಗಕ್ಕೆ ಹಾಕಿ. ಫೋನಿನ ಸೆಟ್ಟಿಂಗ್ಸ್ ಮಾತ್ರ ಹಾಗೇ ಇರಲಿ, ಮುಂದಿನ ಸಲಕ್ಕೆ ಬೇಕಾಗುತ್ತದೆ.