ಅಜ್ಜ ಬರ್ಮಾದಲ್ಲಿ ‘ಟ್ಯಾಂಕ್ ಹೊಡೆದದ್ದು’ ನಿಜವೇ? ಹಿಮ್ಮೆಟ್ಟಿದ ಸೇನೆಯ ಜಾಡು ಹಿಡಿಯುವ ಬಗೆ

ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ನಮ್ಮ ಓಣಿಯ ಅಜ್ಜಿಯೊಬ್ಬರ ಟ್ರಂಕಿನಲ್ಲಿ ಒಂದು ಪದಕವಿದೆ. ಆರು ಮೂಲೆಯ ನಕ್ಷತ್ರ, ನಡುವೆ ಕಿರೀಟ, ‘ದಿ ಬರ್ಮಾ ಸ್ಟಾರ್’ ಎಂಬ ಇಂಗ್ಲಿಷ್ ಅಕ್ಷರಗಳು. ಅದು ಅವರ ತಂದೆಯದು. “ನಮ್ಮಪ್ಪ ಬರ್ಮಾದಾಗ ಇಂಗ್ರೇಜರ ಟ್ಯಾಂಕ್ ಹೊಡೀತಿದ್ದಾ. ಕಡೀಕ ಹೊಳಿ ದಂಡ್ಯಾಗ ಎಲ್ಲಾ ಬಿಟ್ಟು ನಡಕೋತ ಬಂದ್ರಂತ” ಎಂದು ಅವರು ಹೇಳುತ್ತಿದ್ದರು. ಕಳೆದ ವರ್ಷ ಮೊಮ್ಮಗ ಮೊಬೈಲಿನಲ್ಲಿ ಹುಡುಕಿ, “ಆ ಟ್ಯಾಂಕಿನಾಗ ಇದ್ದವ್ರೆಲ್ಲಾ ಇಂಗ್ರೇಜರು. ಮುತ್ತಜ್ಜ ಸುಳ್ಳ ಹೇಳ್ಯಾನ” ಎಂದುಬಿಟ್ಟ. ಅಂದಿನಿಂದ ಅಜ್ಜಿ ಆ ಕಥೆ ಹೇಳುವುದನ್ನೇ ಬಿಟ್ಟರು.

ಮೊಮ್ಮಗ ಹೇಳಿದ ಮೊದಲ ಮಾತು ಸರಿ. ಎರಡನೆಯದು ಸರಿಯೇ? ಎಂಬತ್ತು ವರ್ಷಕ್ಕೂ ಹಿಂದೆ, ಸೋತು ಹಿಂದೆ ಸರಿಯುತ್ತಿದ್ದ ಸೇನೆಯ ಒಂದು ಟ್ಯಾಂಕ್ ದಳ ಯಾವ ದಿನ ಎಲ್ಲಿತ್ತು, ಅದರ ಜೊತೆ ಯಾರಿದ್ದರು ಎಂದು ಇಂದು ತಿಳಿಯಲು ಸಾಧ್ಯವೇ? ಬಹುಮಟ್ಟಿಗೆ ಸಾಧ್ಯ. ಆದರೆ ಅದಕ್ಕೆ ಒಂದೇ ದಾಖಲೆ ಸಾಲದು.

ಯಾವ ಟ್ಯಾಂಕ್‌ಗಳು, ಯಾವಾಗ ಬಂದವು?

1942ರಲ್ಲಿ ಬರ್ಮಾದಿಂದ ಹಿಮ್ಮೆಟ್ಟಿದ ಬ್ರಿಟಿಷ್ ಸೇನೆಯಲ್ಲಿದ್ದ ಟ್ಯಾಂಕ್ ಬಲವೆಂದರೆ 7ನೇ ಆರ್ಮರ್ಡ್ ಬ್ರಿಗೇಡ್. ಅದರಲ್ಲಿ ಎರಡು ಟ್ಯಾಂಕ್ ರೆಜಿಮೆಂಟ್‌ಗಳಿದ್ದವು: 7ನೇ ಹುಸಾರ್ಸ್ ಮತ್ತು 2ನೇ ರಾಯಲ್ ಟ್ಯಾಂಕ್ ರೆಜಿಮೆಂಟ್. ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಕಾದಾಡಿದ್ದ ಈ ಪಡೆ ಅಮೆರಿಕದಲ್ಲಿ ತಯಾರಾದ ಸ್ಟುವರ್ಟ್ ಟ್ಯಾಂಕ್‌ಗಳೊಂದಿಗೆ ಫೆಬ್ರುವರಿ 21ರಂದು ರಂಗೂನ್ ಬಂದರಿನಲ್ಲಿ ಇಳಿಯಿತು.

ಈ ಒಂದು ತಾರೀಖೇ ಎಷ್ಟೋ ಕಥೆಗಳನ್ನು ಜಾಲಿಸುವ ಜರಡಿ. ಮೌಲ್ಮೇನ್ ಪಟ್ಟಣ ಜಪಾನೀಯರ ಕೈಸೇರಿದ್ದು ಜನವರಿ 31ರಂದು. ಅಲ್ಲಿ ಬ್ರಿಟಿಷ್ ಟ್ಯಾಂಕ್ ನೋಡಿದೆ ಎಂದು ಯಾರಾದರೂ ಹೇಳಿದರೆ ಅವರ ನೆನಪಿನಲ್ಲಿ ಊರೋ ತಿಂಗಳೋ ಪಲ್ಲಟವಾಗಿದೆ ಎಂದರ್ಥ. ಟ್ಯಾಂಕ್‌ಗಳು ಇಳಿದು ಎರಡೇ ದಿನಕ್ಕೆ, ಫೆಬ್ರುವರಿ 23ರ ನಸುಕಿನಲ್ಲಿ, ಸಿಟಾಂಗ್ ನದಿಯ ಸೇತುವೆಯನ್ನು ಬ್ರಿಟಿಷ್ ಸೇನೆಯೇ ಸ್ಫೋಟಿಸಿತು. ಆಗ 17ನೇ ಭಾರತೀಯ ಡಿವಿಜನ್ನಿನ ಹೆಚ್ಚಿನ ಪಾಲು ಇನ್ನೂ ಆಚೆ ದಡದಲ್ಲಿತ್ತು. ಮಾರ್ಚ್ 8ಕ್ಕೆ ರಂಗೂನ್ ಬಿತ್ತು. ಅಲ್ಲಿಂದ ಮುಂದೆ ಪ್ರೋಮ್, ಯೆನಾಂಗ್‌ಯಾಂಗ್, ಮಾಂಡಲೆ, ಕೊನೆಗೆ ಚಿಂದ್ವಿನ್ ನದಿ. ಎಲ್ಲ ಕಡೆಯೂ ಕಾಲಾಳುಗಳ ಬೆನ್ನು ಕಾಯುತ್ತ ಟ್ಯಾಂಕ್‌ಗಳು ಉತ್ತರಕ್ಕೆ ಸರಿದವು.

ದಳದ ಜಾಡು ಸಿಗುವುದು ಎಲ್ಲಿ?

ಬ್ರಿಟಿಷ್ ಸೇನೆಯ ಪ್ರತಿ ದಳವೂ ಯುದ್ಧಕಾಲದಲ್ಲಿ ‘ವಾರ್ ಡೈರಿ’ ಬರೆಯಬೇಕಿತ್ತು. ಸ್ಥಳ, ದಿನ, ಹೊತ್ತು, ನಡೆದದ್ದರ ಸಾರಾಂಶ, ಇಷ್ಟು ಅಂಕಣಗಳ ಹಾಳೆ ಅದು. ರೆಜಿಮೆಂಟಿನ ಒಬ್ಬ ಅಧಿಕಾರಿ ಬರೆಯುತ್ತಿದ್ದ. ಈ ಡೈರಿಗಳು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಅವುಗಳ ಜೊತೆಗೆ ಓದಬೇಕಾದವು ಇನ್ನೂ ಇವೆ. ಬಿಶೇಶ್ವರ್ ಪ್ರಸಾದ್ ಪ್ರಧಾನ ಸಂಪಾದಕರಾಗಿದ್ದ ಭಾರತೀಯ ಸೇನೆಯ ಅಧಿಕೃತ ಇತಿಹಾಸ ಮಾಲೆಯಲ್ಲಿ ಬರ್ಮಾದಿಂದ ಹಿಮ್ಮೆಟ್ಟಿದ್ದಕ್ಕೇ ಒಂದು ಸಂಪುಟವಿದೆ. ಆ ಸೇನೆಯನ್ನು ಮಾರ್ಚ್ ನಡುವಿನಿಂದ ಮುನ್ನಡೆಸಿದ ವಿಲಿಯಂ ಸ್ಲಿಮ್ ಅವರ ‘ಡಿಫೀಟ್ ಇನ್‌ಟು ವಿಕ್ಟರಿ’ 1956ರಲ್ಲಿ ಬಂತು.

ಡೈರಿಯಲ್ಲಿದೆ ಎಂದಮೇಲೆ ಅದೇ ಸತ್ಯ ಎಂಬುದು ಸಾಮಾನ್ಯ ನಂಬಿಕೆ. ಹಿಮ್ಮೆಟ್ಟುವ ಸೇನೆಯ ವಿಷಯದಲ್ಲಿ ಇದು ಅಪಾಯದ ನಂಬಿಕೆ. ಶಿಬಿರದಲ್ಲಿ ಆರಾಮಾಗಿ ಕೂತ ದಿನ ಡೈರಿಯಲ್ಲಿ ಅರ್ಧ ಪುಟ ತುಂಬುತ್ತದೆ. ಮೂರು ದಿನ ನಿದ್ದೆಯಿಲ್ಲದೆ ಕಾದಾಡಿದಾಗ ಮೂರೇ ಸಾಲು ಇರಬಹುದು, ಅದೂ ವಾರದ ನಂತರ ನೆನಪಿನಿಂದ ಬರೆದದ್ದಾಗಿರಬಹುದು. ಶತ್ರುವಿನ ಕೈಗೆ ಸಿಗಬಾರದೆಂದು ಕಾಗದಪತ್ರಗಳನ್ನು ಸುಡುವುದೂ ಉಂಟು. ಅಂದರೆ ಘಟನೆಗಳು ದಟ್ಟವಾಗಿ ನಡೆದ ದಿನಗಳಲ್ಲೇ ದಾಖಲೆ ತೆಳುವಾಗುತ್ತದೆ.

ಇನ್ನೊಂದು ತೊಡಕು, ದಳ ಎಂದರೆ ಒಂದೇ ಕಡೆ ಇರುವ ಗುಂಪಲ್ಲ. ರೆಜಿಮೆಂಟಿನ ಕಚೇರಿ ಒಂದೂರಲ್ಲಿದ್ದರೆ ಅದರ ಒಂದು ಸ್ಕ್ವಾಡ್ರನ್ ಮೂವತ್ತು ಮೈಲಿ ದೂರದಲ್ಲಿ ಬೇರೊಂದು ಕಾಲಾಳು ಪಡೆಗೆ ಎರವಲು ಹೋಗಿರುತ್ತದೆ. ಏಪ್ರಿಲ್ ನಡುವಿನಲ್ಲಿ ಯೆನಾಂಗ್‌ಯಾಂಗ್ ತೈಲಕ್ಷೇತ್ರದ ಬಳಿ 1ನೇ ಬರ್ಮಾ ಡಿವಿಜನ್ ಜಪಾನೀಯರ ನಡುವೆ ಸಿಕ್ಕಿಬಿತ್ತು. ಬಿಡಿಸಲು ಬಂದದ್ದು ಸುನ್ ಲಿ-ಜೆನ್ ನಾಯಕತ್ವದ ಚೀನಾದ 38ನೇ ಡಿವಿಜನ್. ಸ್ಲಿಮ್ ಬ್ರಿಟಿಷ್ ಟ್ಯಾಂಕ್‌ಗಳನ್ನು ಆ ಚೀನೀ ಸೇನಾನಿಯ ಆಜ್ಞೆಗೇ ಒಪ್ಪಿಸಿದರು. ಹಾಗಾಗಿ ಆ ದಿನಗಳ ಟ್ಯಾಂಕ್ ಓಡಾಟ ಪೂರ್ತಿ ತಿಳಿಯಲು ಬ್ರಿಟಿಷ್ ಡೈರಿಯೊಂದೇ ಸಾಲದು.

ಹೆಸರು, ಅಂಕಿಗಳ ಗೊಂದಲ

ಇಂಥ ಹುಡುಕಾಟದಲ್ಲಿ ಹೆಚ್ಚು ಜನ ಎಡವುವುದು ಹೆಸರುಗಳಲ್ಲಿ. 7ನೇ ಆರ್ಮರ್ಡ್ ಬ್ರಿಗೇಡ್ ಬೇರೆ, ಆಫ್ರಿಕಾದಲ್ಲೇ ಉಳಿದ 7ನೇ ಆರ್ಮರ್ಡ್ ಡಿವಿಜನ್ ಬೇರೆ. 7ನೇ ಹುಸಾರ್ಸ್ ಬ್ರಿಟಿಷರದು, 7ನೇ ಲೈಟ್ ಕ್ಯಾವಲ್ರಿ ಭಾರತೀಯರದು. ಅಂಕಿಯೊಂದನ್ನೇ ನೋಡಿ ಹೊರಟರೆ ಬರ್ಮಾದಲ್ಲಿದ್ದವರನ್ನು ಮರುಭೂಮಿಗೆ ಕಳಿಸಿಬಿಡುತ್ತೇವೆ.

ಊರುಗಳದ್ದೂ ಇದೇ ಪಾಡು. ಬರ್ಮಾದಲ್ಲಿ ಶ್ವೇಜಿನ್ ಎಂಬ ಹೆಸರಿನ ಎರಡು ಜಾಗಗಳಿವೆ. ಒಂದು ದಕ್ಷಿಣದ ಸಿಟಾಂಗ್ ನದಿಯ ಕಡೆ, ಇನ್ನೊಂದು ದೂರದ ಉತ್ತರದಲ್ಲಿ ಚಿಂದ್ವಿನ್ ನದಿಯ ದಡದಲ್ಲಿ. ಟ್ಯಾಂಕ್‌ಗಳ ಕಥೆ ಮುಗಿದದ್ದು ಎರಡನೆಯದರಲ್ಲಿ. ನಮ್ಮ ಕಡೆ ಬರೀ ‘ಕೊಪ್ಪ’ ಎಂದರೆ ಗೋಪನಕೊಪ್ಪವೋ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪವೋ ಎಂದು ಕೇಳಬೇಕಲ್ಲ, ಹಾಗೆಯೇ ಇದು. ಜೊತೆಗೆ ಹಳೆಯ ನಕಾಶೆಯ ಪ್ರೋಮ್ ಇಂದಿನ ಪ್ಯೇ, ಪೆಗು ಇಂದಿನ ಬಗೋ, ರಂಗೂನ್ ಇಂದಿನ ಯಾಂಗೊನ್.

ಲೆಕ್ಕ ಹಾಕಿದರೆ ತಿಳಿಯುವುದೇನು?

ಕಾಗದ ಕೈಕೊಟ್ಟಾಗ ಯಂತ್ರವನ್ನೇ ಕೇಳಬಹುದು. ಸ್ಟುವರ್ಟ್ ಟ್ಯಾಂಕಿಗೆ ಒಮ್ಮೆ ಸುಮಾರು 200 ಲೀಟರ್ ಪೆಟ್ರೋಲ್ ಹಿಡಿಯುತ್ತಿತ್ತು, ಅದರಲ್ಲಿ ರಸ್ತೆಯ ಮೇಲೆ ಸುಮಾರು 110 ಕಿ.ಮೀ. ಓಡುತ್ತಿತ್ತು. ರಂಗೂನಿನಿಂದ ಮಾಂಡಲೆಗೆ ರೈಲುದಾರಿಯಲ್ಲೇ ಸುಮಾರು 620 ಕಿ.ಮೀ. ಅಂದರೆ ನೇರ ಹೋದರೂ ದಾರಿಯಲ್ಲಿ ಕನಿಷ್ಠ ಐದು ಸಲ ತುಂಬಿಸಬೇಕು. ನೂರು ಟ್ಯಾಂಕ್‌ಗಳಿಗೆ ಒಂದು ಸಲ ತುಂಬಿಸಲು 20 ಸಾವಿರ ಲೀಟರ್ ಬೇಕು. ನಾಲ್ಕು ಗ್ಯಾಲನ್ನಿನ, ಎಂದರೆ 18 ಲೀಟರಿನ, ತಗಡಿನ ಡಬ್ಬಿಗಳಲ್ಲಿ ಅಳೆದರೆ ಸಾವಿರದ ನೂರಕ್ಕೂ ಹೆಚ್ಚು ಡಬ್ಬಿ. ಇಷ್ಟನ್ನು ಲಾರಿಗೆ ಹೇರಿ, ಶತ್ರು ವಿಮಾನಗಳ ಕೆಳಗೆ ಓಡಿಸಿ, ಇಳಿಸಬೇಕು. ಟ್ಯಾಂಕ್ ಎಲ್ಲಿತ್ತೋ ಅದರ ಹಿಂದೆಯೇ ಲಾರಿಯೂ ಇರಲೇಬೇಕು.

ಲೆಕ್ಕವೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಮಾಂಡಲೆಯ ಹತ್ತಿರ ಇರಾವದಿ ನದಿಯ ಮೇಲಿನ ಆವಾ ಸೇತುವೆಯ ರಸ್ತೆಭಾಗ ತಾಳುವ ಭಾರ ಆರು ಟನ್ ಎಂದು ಫಲಕ ಹೇಳುತ್ತಿತ್ತು. ಟ್ಯಾಂಕಿನ ತೂಕ ಹದಿಮೂರು ಟನ್ನಿನಷ್ಟು. ಫಲಕವನ್ನಷ್ಟೇ ಓದಿದವರು ಟ್ಯಾಂಕ್‌ಗಳು ಆ ಸೇತುವೆ ದಾಟಿರಲಾರವು ಎಂದೇ ತೀರ್ಮಾನಿಸಬೇಕು. ಆದರೆ ದಾಟಿದವು. ಎಂಜಿನಿಯರುಗಳು ಬರೆದ ಮಿತಿಗಿಂತ ಎಷ್ಟೋ ಹೆಚ್ಚು ಬಲ ಇಟ್ಟೇ ಕಟ್ಟಿರುತ್ತಾರೆ ಎಂಬ ನಂಬಿಕೆಯ ಮೇಲೆ ತಾನು ಒಂದೊಂದಾಗಿ ದಾಟಿಸಿದೆ ಎಂದು ಸ್ಲಿಮ್ ಬರೆದಿದ್ದಾರೆ. ಏಪ್ರಿಲ್ 30ರ ರಾತ್ರಿ ಆ ಸೇತುವೆಯನ್ನೂ ಸ್ಫೋಟಿಸಲಾಯಿತು.

ಟ್ಯಾಂಕ್‌ಗಳನ್ನು ನಾಶ ಮಾಡಿದ್ದು ಯಾರು?

‘ಜಪಾನೀಯರು ಬ್ರಿಟಿಷರ ಟ್ಯಾಂಕ್‌ಗಳನ್ನೆಲ್ಲ ಹೊಡೆದುರುಳಿಸಿದರು’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಕಾಳಗದಲ್ಲಿ ಹಲವು ಹೋದದ್ದು ನಿಜ. ಆದರೆ ಚಿಂದ್ವಿನ್ ದಡದ ಶ್ವೇಜಿನ್ ತಲುಪಿದವನ್ನು ನಾಶ ಮಾಡಿದವರು ಅವುಗಳ ಸವಾರರೇ. ಅಲ್ಲಿ ಸೇತುವೆ ಇರಲಿಲ್ಲ, ಇದ್ದದ್ದು ಕೆಲವೇ ಹಡಗು. ಮೇ 10ರಂದು ಜಪಾನೀಯರು ಮೇಲೆರಗಿದರು. ಎಂಜಿನ್ ಆಯಿಲ್ ಬಸಿದು, ಎಂಜಿನ್ನನ್ನು ಹಾಗೆಯೇ ಓಡಿಸಿ, ಅದು ಕಚ್ಚಿಕೊಂಡು ನಿಲ್ಲುವಂತೆ ಮಾಡಿದರು. ಲಾರಿಗಳನ್ನೂ ಅಲ್ಲೇ ಬಿಟ್ಟು ಕಾಡುದಾರಿಯಲ್ಲಿ ನಡೆದರು. ನದಿ ದಾಟಿದ್ದು ಒಂದೇ ಟ್ಯಾಂಕ್. ಅದರ ಗೋಪುರ ತೆಗೆದು ಮುಂದೆ ಭಾರತದ 7ನೇ ಲೈಟ್ ಕ್ಯಾವಲ್ರಿ ಬಳಸಿತು, ಅದರೊಂದಿಗೇ ಅದು ಬರ್ಮಾಕ್ಕೆ ಮರಳಿತು.

ಹಾಗಾದರೆ ಅಜ್ಜಿಯ ತಂದೆ?

ಬರ್ಮಾ ಸ್ಟಾರ್ ಪದಕದಿಂದ ಉತ್ತರ ಸಿಗುವುದಿಲ್ಲ. 1941ರ ಡಿಸೆಂಬರ್ 11ರಿಂದ 1945ರ ಸೆಪ್ಟೆಂಬರ್ 2ರವರೆಗಿನ ಸೇವೆಗೆ ಅದನ್ನು ಕೊಟ್ಟಿದ್ದಾರೆ. ಸೋತು ಬಂದವರಿಗೂ ಗೆದ್ದು ಹೋದವರಿಗೂ ಒಂದೇ ಪದಕ.

ಉಳಿದದ್ದು ಅವರ ಮಾತು. ನಮ್ಮ ಕಡೆ ‘ಹೊಡಿ’ ಎಂದರೆ ಬಡಿಯುವುದೂ ಹೌದು, ಗಾಡಿ ನಡೆಸುವುದೂ ಹೌದು. ‘ಟ್ಯಾಂಕ್’ ಎಂದರೆ ಯುದ್ಧದ ಟ್ಯಾಂಕೇ ಆಗಬೇಕೆಂದಿಲ್ಲ, ನೀರು ಇಲ್ಲವೆ ಎಣ್ಣೆ ಸಾಗಿಸುವ ಗಾಡಿಯೂ ಆಗಬಹುದು. 1942ರ ಬ್ರಿಗೇಡಿನ ಟ್ಯಾಂಕ್ ಸವಾರರು ಬ್ರಿಟಿಷರು ಎಂದ ಮೊಮ್ಮಗ ಅಷ್ಟರಮಟ್ಟಿಗೆ ಸರಿ. ಆದರೆ ಆ ಸೇನೆಯಲ್ಲಿ ಲಾರಿ ಓಡಿಸಿದ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್‌ನ ಚಾಲಕರಿದ್ದರು, ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಕಂಪನಿಗಳಿದ್ದವು. ಟ್ಯಾಂಕ್ ರೆಜಿಮೆಂಟಿನ ಡೈರಿಯಲ್ಲಿ ಇಂಥವರ ಹೆಸರು ಹುಡುಕಿ, ಸಿಗಲಿಲ್ಲವೆಂದು ಅವರು ಅಲ್ಲಿರಲೇ ಇಲ್ಲ ಎನ್ನುವುದು ತಪ್ಪು ತರ್ಕ. ‘ಹೊಳಿ ದಂಡ್ಯಾಗ ಎಲ್ಲಾ ಬಿಟ್ಟು ನಡಕೋತ ಬಂದ್ರು’ ಎಂಬ ಮಾತು ಶ್ವೇಜಿನ್‌ಗೆ ಚೆನ್ನಾಗಿ ಹೊಂದುತ್ತದೆ. ಆದರೆ ಹೊಂದಿದ ಮಾತ್ರಕ್ಕೆ ಅದು ಪುರಾವೆಯಾಗುವುದಿಲ್ಲ, ಬೇರೆಯವರಿಂದ ಕೇಳಿದ್ದೂ ಇರಬಹುದು.

ನಿಮ್ಮ ಮನೆಯಲ್ಲೂ ಇಂಥ ಕಥೆಯಿದ್ದರೆ ಮೊದಲು ಹುಡುಕಬೇಕಾದದ್ದು ಸೈನಿಕ ಸಂಖ್ಯೆ. ಡಿಸ್ಚಾರ್ಜ್ ಪತ್ರ, ಪಿಂಚಣಿ ಪುಸ್ತಕ, ಹಳೆಯ ಲಕೋಟೆ, ಎಲ್ಲಿಯಾದರೂ ಇರಬಹುದು. ಕಾಲಾಳುವಾಗಿದ್ದು ಮರಾಠಾ ರೆಜಿಮೆಂಟ್ ಆಗಿದ್ದರೆ ಬೆಳಗಾವಿ, ಸ್ಯಾಪರ್ ಆಗಿದ್ದರೆ ಬೆಂಗಳೂರಿನ ಎಂಇಜಿ, ಸಾಗಣೆಯಲ್ಲಿದ್ದರೆ ಎಎಸ್‌ಸಿಯ ದಾಖಲೆ ಕಚೇರಿ ಕೇಳಬೇಕಾದ ಜಾಗಗಳು. ಮರಳಿ ಬಾರದವರ ಹೆಸರನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹುಡುಕಬಹುದು. ಸಮಾಧಿ ಗೊತ್ತಿಲ್ಲದ ಸುಮಾರು 27 ಸಾವಿರ ಜನರ ಹೆಸರು ಟೌಕ್ಯಾನ್‌ನ ರಂಗೂನ್ ಸ್ಮಾರಕದಲ್ಲಿದೆ.

ಇಷ್ಟನ್ನೂ ಅಜ್ಜಿಗೆ ಹೇಳಿ, ಪೆಟ್ರೋಲ್ ಡಬ್ಬಿಯ ಲೆಕ್ಕವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದವರು, “ಡಬ್ಬಿ ಎತ್ತಿ ಎತ್ತಿ ಹೆಗಲು ಹೋದ್ವು ಅಂತಿದ್ದಾ ನೋಡವಾ ನಮ್ಮಪ್ಪ” ಎಂದರು. ನನಗೆ ಖುಷಿಯಾಯಿತು, ಜೊತೆಗೇ ತಪ್ಪಿನ ಅರಿವೂ ಆಯಿತು. ಡಬ್ಬಿಯ ಮಾತನ್ನು ಮೊದಲು ಎತ್ತಿದವಳು ನಾನು. ಹಾಗೆ ಎದ್ದ ನೆನಪಿಗೆ ಸಾಕ್ಷಿಯ ತೂಕ ಕಡಿಮೆ. ನೋಟ್‌ಬುಕ್ಕಿನಲ್ಲಿ ಅದನ್ನು ಹಾಗೆಯೇ ಬರೆದಿಟ್ಟಿದ್ದೇನೆ: ನಾನು ಹೇಳಿದ ನಂತರ ಅವರು ಹೇಳಿದ್ದು.

ಸುಳ್ಳು ಎನ್ನಲು ಮೊಮ್ಮಗನ ಬಳಿ ಆಧಾರವಿರಲಿಲ್ಲ, ನಿಜ ಎನ್ನಲು ಇನ್ನೂ ನಮ್ಮ ಬಳಿ ಸಂಖ್ಯೆಯಿಲ್ಲ. ಟ್ರಂಕಿನ ತಳದ ಕಾಗದಗಳನ್ನು ಒಂದೊಂದಾಗಿ ಬಿಡಿಸುವ ಕೆಲಸವನ್ನು ಈಗ ಮೊಮ್ಮಗನೇ ಮಾಡುತ್ತಿದ್ದಾನೆ.