ಪಾಸ್‌ವರ್ಡ್ ತೆಗೆಯೋದು ರಿಪೇರಿ ಅಲ್ಲ, ಸ್ವಾಮಿ!

"ವೈಫೈ ಕಾರ್ಡ್ ಹೋಗಿದೆ ಸಾರ್, ಹೊಸದು ಹಾಕ್ಬೇಕು. ಇಲ್ಲಾಂದ್ರೆ ಒಂದ್ ಕೆಲ್ಸ ಮಾಡಿ, ರೂಟರ್ ಪಾಸ್‌ವರ್ಡ್ ತೆಗೆದುಬಿಡಿ. ತಕ್ಷಣ ಕನೆಕ್ಟ್ ಆಗುತ್ತೆ."

ಹೋದ ತಿಂಗಳು ನಮ್ಮ ತಾಲ್ಲೂಕಿನ ರಿಪೇರಿ ಅಂಗಡಿಯಲ್ಲಿ ನನಗೆ ಸಿಕ್ಕ ಸಲಹೆ ಇದು. ಕಾರ್ಡ್ ನಿಜಕ್ಕೂ ಸತ್ತಿದ್ದರೆ ಪಾಸ್‌ವರ್ಡ್ ತೆಗೆದರೂ ಕನೆಕ್ಟ್ ಆಗಬಾರದು. ತೆಗೆದ ಕೂಡಲೇ ಆಗುತ್ತದೆ ಎಂದಾದರೆ ಕಾರ್ಡ್ ಬದುಕಿದೆ ಎಂದೇ ಅರ್ಥ. ಹಾಗಿದ್ದ ಮೇಲೆ ಹೊಸದು ಯಾಕೆ?

ಆಗಿದ್ದಿಷ್ಟೇ. ಮನೆಗೆ ಫೈಬರ್ ಬಂತು, ಹೊಸ ರೂಟರ್ ಕೂತಿತು. ಫೋನಿಗೆ ಇಂಟರ್ನೆಟ್ ಸಿಕ್ಕಿತು, ಕಾಲೇಜು ದಿನಗಳಿಂದ ಜೊತೆಗಿರುವ ಲ್ಯಾಪ್‌ಟಾಪಿಗೆ ಸಿಗಲಿಲ್ಲ. ನೆಟ್‌ವರ್ಕ್ ಹೆಸರು ಕಾಣುತ್ತದೆ, ಪಾಸ್‌ವರ್ಡ್ ಸರಿಯಾಗಿಯೇ ಹೊಡೆದರೂ ಕನೆಕ್ಟ್ ಆಗುವುದಿಲ್ಲ.

ದುಡ್ಡು ಬಿಚ್ಚುವ ಮೊದಲು ಮನೆಗೆ ಬಂದು ಎರಡು ನಿಮಿಷದ ಪರೀಕ್ಷೆ ಮಾಡಿದೆ. ಫೋನಿನ ಹಾಟ್‌ಸ್ಪಾಟನ್ನು 2.4 ಗಿಗಾಹರ್ಟ್ಸ್, ಡಬ್ಲ್ಯುಪಿಎ2 ಎಂದು ಇಟ್ಟು ಆನ್ ಮಾಡಿದೆ. ಲ್ಯಾಪ್‌ಟಾಪ್ ತಕರಾರಿಲ್ಲದೆ ಕನೆಕ್ಟ್ ಆಯಿತು! ಕಾರ್ಡ್ ಗಟ್ಟಿಯಾಗಿದೆ, ತಕರಾರು ರೂಟರ್ ಸೆಟ್ಟಿಂಗಿನಲ್ಲಿದೆ ಎನ್ನುವುದು ಅಲ್ಲೇ ಗೊತ್ತಾಯಿತು. ಬ್ರೌಸರಿನಲ್ಲಿ ರೂಟರಿನ ಪುಟ ತೆರೆದು ನೋಡಿದರೆ, ಭದ್ರತೆಯ ಜಾಗದಲ್ಲಿ ಡಬ್ಲ್ಯುಪಿಎ3 ಒಂದೇ ಇತ್ತು. ಅದು ಬಂದದ್ದು 2018ರಲ್ಲಿ. ನನ್ನ ಕಾರ್ಡ್ ಅದಕ್ಕಿಂತ ಹಳೆಯದು, ಆ ಭಾಷೆ ಅದಕ್ಕೆ ಬರುವುದಿಲ್ಲ. ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಎರಡೂ ಇರುವ ಆಯ್ಕೆ ಒತ್ತಿ ಸೇವ್ ಮಾಡಿದೆ. ಮುಗಿಯಿತು. ಖರ್ಚು ಸೊನ್ನೆ.

ನಿಮಗೂ ಹೀಗಾದರೆ ಇನ್ನೂ ಮೂರು ನೋಡಿ. ಲ್ಯಾಪ್‌ಟಾಪಿನ ವೈಫೈ ಸ್ವಿಚ್ ಅಥವಾ ಏರೋಪ್ಲೇನ್ ಮೋಡ್ ಕೈತಪ್ಪಿ ಒತ್ತಿಹೋಗಿದೆಯೇ? ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಮೇಲೆ ಹಳದಿ ಗುರುತು ಇದೆಯೇ? ಇದ್ದರೆ ಮೊದಲು ಡ್ರೈವರ್ ಹೊಸದಾಗಿ ಹಾಕಿ ನೋಡಿ. ರೂಟರ್ ಬರೀ 5 ಗಿಗಾಹರ್ಟ್ಸ್‌ನಲ್ಲಿ ಓಡುತ್ತಿದೆಯೇ? ಅನೇಕ ಹಳೆಯ ಕಾರ್ಡುಗಳಿಗೆ ಅದು ಕಾಣುವುದೇ ಇಲ್ಲ. ಇಷ್ಟೆಲ್ಲ ನೋಡಿದ ಮೇಲೆ ಬೇಕಾದರೆ ಕಾರ್ಡ್ ಬದಲಿಸುವ ಮಾತಾಡೋಣ.

"ನಮ್ಮ ಹಳ್ಳೀಲಿ ಯಾರು ಹ್ಯಾಕ್ ಮಾಡ್ತಾರೆ ಬಿಡಿ" ಅನ್ನುವವರಿಗೆ 2008ರ ಜುಲೈ 26 ನೆನಪಿಸಬೇಕು. ಅಹಮದಾಬಾದಿನಲ್ಲಿ ಸರಣಿ ಸ್ಫೋಟ ನಡೆಯುವ ಕೆಲವೇ ನಿಮಿಷ ಮುಂಚೆ ಮಾಧ್ಯಮಗಳಿಗೆ ಒಂದು ಇಮೇಲ್ ಬಂತು. ಅದರ ಜಾಡು ಹಿಡಿದ ಪೊಲೀಸರು ಹೋಗಿ ನಿಂತದ್ದು ನವಿ ಮುಂಬೈನಲ್ಲಿದ್ದ ಒಬ್ಬ ಅಮೆರಿಕನ್ ಪ್ರಜೆಯ ಬಾಗಿಲಿಗೆ. ಆತನ ವೈಫೈಗೆ ಭದ್ರತೆ ಇರಲಿಲ್ಲ, ಬೇರೆಯವರು ಅದನ್ನು ಬಳಸಿಕೊಂಡಿದ್ದರು. ವಿಚಾರಣೆ ಎದುರಿಸಿದ್ದು ಮಾತ್ರ ಆತ. ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ ಪೊಲೀಸರು ಮೊದಲು ಬರುವುದು ಅವರ ಮನೆಗೇ. ಅದಕ್ಕೆ ಊರು ಸಣ್ಣದೋ ದೊಡ್ಡದೋ ಲೆಕ್ಕಕ್ಕಿಲ್ಲ.

ಹಾಗಂತ ಹಳೆಯ ಲ್ಯಾಪ್‌ಟಾಪಿಗೋಸ್ಕರ 'ವೆಪ್' ಎಂಬ ಹಳೆಯ ಭದ್ರತೆಗೆ ಇಳಿಯುವುದೂ ಬೇಡ. ಅದರ ದೌರ್ಬಲ್ಯ 2001ರಲ್ಲೇ ಬಯಲಾಗಿತ್ತು. ಒಂದು ನಿಮಿಷದೊಳಗೆ ಅದನ್ನು ಮುರಿಯಬಹುದೆಂದು 2007ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿಕೊಟ್ಟರು. ವೆಪ್ ಹಾಕಿಕೊಳ್ಳುವುದೆಂದರೆ ಬಾಗಿಲಿಗೆ ದಾರ ಕಟ್ಟಿದ ಹಾಗೆ.

ಅಂಗಡಿಯ ಹುಡುಗ ಮೋಸಗಾರನಲ್ಲ. ಎದುರಿಗೆ ಹತ್ತು ಜನ ನಿಂತಿರುತ್ತಾರೆ, ಅವನಿಗೆ ಯಾರೂ ಇದನ್ನು ಹೇಳಿಕೊಟ್ಟಿಲ್ಲ. ನನ್ನ ಸಿಟ್ಟು ಕನೆಕ್ಷನ್ ಕೊಡುವವರ ಮೇಲೆ. ಗೋಡೆಗೆ ಮೊಳೆ ಹೊಡೆದು, ರೂಟರ್ ನೇತುಹಾಕಿ, ಅದರ ಲಾಗಿನ್ 'ಅಡ್ಮಿನ್' ಎಂದೇ ಬಿಟ್ಟು ಹೋಗುತ್ತಾರೆ. ತಿಂಗಳ ಬಿಲ್ ಕಟ್ಟುವುದು ಹೇಗೆಂದು ಮಾತ್ರ ಮರೆಯದೆ ಹೇಳಿಕೊಡುತ್ತಾರೆ. ಸೆಟ್ಟಿಂಗ್ ತೋರಿಸಲು ಹತ್ತು ನಿಮಿಷ ಅವರ ಹತ್ತಿರ ಇಲ್ಲವೇ?

ಸಿಟ್ಟು ನಮ್ಮ ಮೇಲೂ ಇದೆ. ಪತ್ರಿಕೋದ್ಯಮದ ತರಗತಿಯಲ್ಲಿ ಸುದ್ದಿಮೂಲ ಕಾಪಾಡಬೇಕು ಎಂದು ಪುಟಗಟ್ಟಲೆ ಬರೆದು ಪಾಸಾದವರು ನಾವು. ಮರಳು ದಂಧೆಯ ಮಾಹಿತಿ ಕೊಟ್ಟವನ ಹೆಸರು, ಫೋಟೋ, ದಾಖಲೆ ಎಲ್ಲ ಇರುವುದು ಇದೇ ಲ್ಯಾಪ್‌ಟಾಪಿನಲ್ಲಿ. ಬೀದಿಗೆಲ್ಲ ತೆರೆದಿಟ್ಟ ನೆಟ್‌ವರ್ಕಿಗೆ ಅದನ್ನು ಸೇರಿಸಿ, ಬೆಳಿಗ್ಗೆ ಎದ್ದು ಸುದ್ದಿಮೂಲದ ಬಗ್ಗೆ ಭಾಷಣ ಮಾಡಿದರೆ ಹೇಗೆ? ಇಂಟರ್ನೆಟ್ ಬರದಿದ್ದರೆ ಒಂದು ದಿನದ ಸುದ್ದಿ ತಪ್ಪುತ್ತದೆ. ನಮ್ಮನ್ನು ನಂಬಿ ಮಾತಾಡಿದವನು ಸಿಕ್ಕಿಬಿದ್ದರೆ ಮುಂದೆ ಯಾರೂ ನಮ್ಮ ಹತ್ತಿರ ಬಾಯಿ ಬಿಡುವುದಿಲ್ಲ.

ಕೀಲಿ ತಿರುಗದಿದ್ದರೆ ಎಣ್ಣೆ ಬಿಡುತ್ತೇವೆ, ಕೀಲಿ ಬದಲಿಸುತ್ತೇವೆ. ಬಾಗಿಲು ಕಿತ್ತು ಪಕ್ಕಕ್ಕಿಡುತ್ತೇವೆಯೇ?