ವೆಬ್‌ಸೈಟ್ ನಮ್ಮದು, ಕೀಲಿ ಯಾರ ಕೈಲಿ?

ಈಗ ಹಾಲಿನ ಡೇರಿಗೂ ವೆಬ್‌ಸೈಟ್ ಇದೆ, ಜಾತ್ರಾ ಸಮಿತಿಗೂ ಇದೆ, ನಾಲ್ಕು ಪುಟದ ವಾರಪತ್ರಿಕೆಗೂ ಇದೆ. ಉದ್ಘಾಟನೆ ದಿನ ಹಾರ, ಶಾಲು, ಭಾಷಣ ಎಲ್ಲ ಆಗುತ್ತದೆ. ಒಂದು ವರ್ಷ ಬಿಟ್ಟು ಅದನ್ನೇ ಫೋನಿನಲ್ಲಿ ತೆಗೆದು ನೋಡಿ. ಹಳೇ ಅಧ್ಯಕ್ಷರ ಫೋಟೊ ಹಾಗೇ ಕೂತಿರುತ್ತದೆ, ಇಲ್ಲವೇ ಪುಟವೇ ತೆರೆಯುವುದಿಲ್ಲ. ಯಾಕೆ ಅಂತ ಕೇಳಿದರೆ ಎಲ್ಲ ಕಡೆ ಒಂದೇ ಉತ್ತರ: "ಪಾಸ್‌ವರ್ಡ್ ಸೈಟ್ ಮಾಡಿಕೊಟ್ಟ ಹುಡುಗನ ಹತ್ರ ಇದೆ ಸರ್. ಅವನು ಫೋನ್ ಎತ್ತುತ್ತಿಲ್ಲ."

ನಾನು ಸುದ್ದಿ ಕಳಿಸುತ್ತಿದ್ದ ಒಂದು ವಾರಪತ್ರಿಕೆಗೂ ಇದೇ ಗತಿ ಬಂತು. ಕೆರೆ ಒತ್ತುವರಿ, ನರೇಗಾ ಕೂಲಿ ಬಾಕಿ ಕುರಿತ ವರದಿಗಳೆಲ್ಲ ಅದರ ಸೈಟಿನಲ್ಲಿದ್ದವು. ಹೋಸ್ಟಿಂಗ್ ಹಣ ಕಟ್ಟಿ ಎನ್ನುವ ಇಮೇಲ್ ಸೈಟ್ ಮಾಡಿಕೊಟ್ಟವರಿಗೆ ಹೋಗುತ್ತಿತ್ತು. ಅವರು ಆ ಕೆಲಸ ಬಿಟ್ಟು ಬೇರೆ ಊರು ಸೇರಿದ್ದರು. ಅವಧಿ ಮುಗಿಯಿತು, ಸೈಟ್ ನಿಂತಿತು. ಆಮೇಲೆ ಕೆರೆ ವಿಚಾರಕ್ಕೆ ಹಳೇ ವರದಿ ಬೇಕು ಅಂತ ಊರಿನವರು ಬಂದಾಗ ಸಂಪಾದಕರ ಹತ್ತಿರ ಕೊಡಲು ಏನೂ ಇರಲಿಲ್ಲ.

ಹೊಲ ಉಳಲು ಟ್ರ್ಯಾಕ್ಟರ್‌ನವರನ್ನು ಕರೆಯುತ್ತೇವೆ, ಬಾಡಿಗೆ ಕೊಡುತ್ತೇವೆ. ಹಾಗಂತ ಪಹಣಿಯನ್ನು ಅವರ ಹೆಸರಿಗೆ ಮಾಡಿಸುತ್ತೇವೆಯೇ? ವೆಬ್‌ಸೈಟಿನ ವಿಷಯದಲ್ಲಿ ನಾವು ಮಾಡುತ್ತಿರುವುದು ಅದನ್ನೇ.

ಈ ಕೆಲಸ ನಮಗೆ ಆಗದು ಎಂಬ ಹೆದರಿಕೆಯೇ ಇದಕ್ಕೆ ಕಾರಣ. ನಿಜವಾಗಿ ವೆಬ್‌ಸೈಟ್ ಅಂದರೆ ಹಗಲೂ ರಾತ್ರಿ ಚಾಲೂ ಇರುವ ಒಂದು ಕಂಪ್ಯೂಟರಿನಲ್ಲಿ ಇಟ್ಟ ಕೆಲವು ಫೈಲುಗಳು. ಆ ಕಂಪ್ಯೂಟರಿಗೆ ಸರ್ವರ್ ಅನ್ನುತ್ತಾರೆ. ನಮ್ಮ ಫೈಲನ್ನು ಅಲ್ಲಿಗೆ ಮುಟ್ಟಿಸುವ ಹಳೇ ದಾರಿಯ ಹೆಸರು ಎಫ್‌ಟಿಪಿ. ಅದರ ಮೊದಲ ಕರಡು ಬರೆದವರು ಭಾರತೀಯರೇ. ಕಾನ್ಪುರದ ಐಐಟಿಯಲ್ಲಿ ಓದಿದ ಅಭಯ್ ಭೂಷಣ್, ಅಮೆರಿಕದ ಎಂಐಟಿಯಲ್ಲಿದ್ದಾಗ 1971ರಲ್ಲಿ ಅದನ್ನು ಬರೆದರು.

ಸಂಪರ್ಕ ಮಾಡಲು ಬೇಕಾದ್ದು ನಾಲ್ಕೇ: ಸರ್ವರ್ ವಿಳಾಸ, ಯೂಸರ್ ನೇಮ್, ಪಾಸ್‌ವರ್ಡ್, ಪೋರ್ಟ್ ನಂಬರ್. ಫೈಲ್‌ಜಿಲ್ಲಾ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಈ ನಾಲ್ಕನ್ನೂ ತುಂಬಿ ಕನೆಕ್ಟ್ ಒತ್ತಿದರೆ ಎಡಗಡೆ ನಮ್ಮ ಕಂಪ್ಯೂಟರ್, ಬಲಗಡೆ ಸರ್ವರ್ ಕಾಣುತ್ತದೆ. ಎಡದ ಫೈಲನ್ನು ಬಲಕ್ಕೆ ಎಳೆದು ಬಿಟ್ಟರೆ ಅಪ್‌ಲೋಡ್ ಆಯಿತು. ಬಹಳಷ್ಟು ಹೋಸ್ಟಿಂಗ್‌ಗಳಲ್ಲಿ ಫೈಲುಗಳನ್ನು 'ಪಬ್ಲಿಕ್ ಎಚ್‌ಟಿಎಂಎಲ್' ಎಂಬ ಫೋಲ್ಡರಿನೊಳಗೆ ಹಾಕಬೇಕು. ಮೊದಲ ಪುಟದ ಫೈಲಿಗೆ 'ಇಂಡೆಕ್ಸ್' ಎಂದು ಹೆಸರು ಕೊಡಬೇಕು, ಅದೂ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ. ಪಿಯುಸಿ ಓದುವ ಮಕ್ಕಳು ಒಂದು ಮಧ್ಯಾಹ್ನದಲ್ಲಿ ಕಲಿಯುವ ಕೆಲಸ ಇದು.

ಒಂದು ಎಚ್ಚರ ಬೇಕು. ಹಳೇ ಎಫ್‌ಟಿಪಿ ಪೋರ್ಟ್ 21ರಲ್ಲಿ ನಡೆಯುತ್ತದೆ. ಅದರಲ್ಲಿ ಪಾಸ್‌ವರ್ಡ್ ಪೋಸ್ಟ್ ಕಾರ್ಡಿನ ಬರಹದಂತೆ ಬಿಚ್ಚಾಗಿ ಹೋಗುತ್ತದೆ, ದಾರಿಯಲ್ಲಿ ಇಣುಕಿದವರು ಓದಬಹುದು. ಕ್ರೋಮ್, ಫೈರ್‌ಫಾಕ್ಸ್ ಬ್ರೌಸರುಗಳು 2021ರಲ್ಲೇ ಎಫ್‌ಟಿಪಿಯನ್ನು ಕೈಬಿಟ್ಟವು. ಅದರ ಬದಲು ಎಸ್‌ಎಫ್‌ಟಿಪಿ ಇದೆ. ಸಾಮಾನ್ಯವಾಗಿ ಪೋರ್ಟ್ 22. ಇದು ಅಂಟಿಸಿದ ಲಕೋಟೆ ಇದ್ದ ಹಾಗೆ. ಹೋಸ್ಟಿಂಗ್ ಕೊಳ್ಳುವಾಗಲೇ "ಎಸ್‌ಎಫ್‌ಟಿಪಿ ಇದೆಯೇ?" ಅಂತ ಕೇಳಿ. ಸೈಬರ್ ಅಂಗಡಿಯ ಕಂಪ್ಯೂಟರಿನಲ್ಲಿ ಈ ಪಾಸ್‌ವರ್ಡ್ ಉಳಿಸಿ ಬರಬೇಡಿ.

"ವಾಟ್ಸಾಪ್, ಫೇಸ್‌ಬುಕ್ ಇರುವಾಗ ಇಷ್ಟೆಲ್ಲ ಯಾಕೆ?" ಅಂತ ಕೆಲವರು ಕೇಳುತ್ತಾರೆ. ಸುದ್ದಿ ಹಬ್ಬಿಸಲು ಅವು ಒಳ್ಳೆಯವೇ, ನಾವೂ ಬಳಸುತ್ತೇವೆ. ಆದರೆ ಗ್ರೂಪಿಗೆ ಬಿದ್ದ ವರದಿಯನ್ನು ಎರಡು ವರ್ಷ ಬಿಟ್ಟು ಹುಡುಕಿ ನೋಡಿ, ಗುಡ್ ಮಾರ್ನಿಂಗ್ ಫೋಟೊಗಳ ರಾಶಿಯಲ್ಲಿ ಸಿಕ್ಕರೆ ಪುಣ್ಯ. ಊರಿನ ದಾಖಲೆಗೆ ಸ್ವಂತ ಜಾಗ ಬೇಕು.

ಇನ್ನು ಕೆಲವರು "ಅವರವರ ಕೆಲಸ ಅವರವರು ಮಾಡಲಿ, ನಾವ್ಯಾಕೆ ಕಲಿಯಬೇಕು?" ಅನ್ನುತ್ತಾರೆ. ಸೈಟ್ ಮಾಡುವವರೇ ಮಾಡಲಿ, ಅವರಿಗೆ ಸರಿಯಾದ ಕೂಲಿ ಕೊಡೋಣ. ಆದರೆ ಡೊಮೈನ್ ಹೆಸರು ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯದೇ ಇಮೇಲಿನಲ್ಲಿ ನೋಂದಣಿ ಆಗಲಿ. ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ ಕಚೇರಿ ಬೀರುವಿನೊಳಗಿರಲಿ, ಅಧ್ಯಕ್ಷರು, ಕಾರ್ಯದರ್ಶಿ ಇಬ್ಬರಿಗೂ ಅದು ಎಲ್ಲಿದೆ ಅಂತ ಗೊತ್ತಿರಲಿ. ಸೈಟ್ ಮಾಡುವವರಿಗೆ ಬೇರೆ ಎಸ್‌ಎಫ್‌ಟಿಪಿ ಖಾತೆ ತೆರೆದುಕೊಟ್ಟು, ಕೆಲಸ ಮುಗಿದ ಮೇಲೆ ಮುಚ್ಚಿ. ತಿಂಗಳಿಗೊಮ್ಮೆ ಬಲಗಡೆಯ ಫೈಲುಗಳನ್ನು ಎಡಕ್ಕೆ ಎಳೆದು ಪೆನ್‌ಡ್ರೈವಿಗೆ ಹಾಕಿಡಿ. ವರ್ಡ್‌ಪ್ರೆಸ್ ಸೈಟಾದರೆ ಬರಹಗಳು ಡೇಟಾಬೇಸಿನಲ್ಲಿರುತ್ತವೆ, ಅದರ ಪ್ರತಿಯನ್ನೂ ಬೇರೆಯಾಗಿ ಇಳಿಸಿಕೊಳ್ಳಬೇಕು.

ನಿಮ್ಮ ಸಂಘದ ಮುಂದಿನ ಮೀಟಿಂಗಿನಲ್ಲಿ ಒಂದೇ ಪ್ರಶ್ನೆ ಕೇಳಿ: "ನಮ್ಮ ವೆಬ್‌ಸೈಟಿನ ಪಾಸ್‌ವರ್ಡ್ ಈಗ ಯಾರ ಹತ್ತಿರ ಇದೆ?" ಎಲ್ಲರೂ ಮುಖ ಮುಖ ನೋಡಿಕೊಂಡರೆ, ಅದನ್ನು ವಾಪಸ್ ತರುವ ಜವಾಬ್ದಾರಿ ಯಾರದು ಅಂತ ಅವತ್ತೇ ನಡಾವಳಿ ಪುಸ್ತಕದಲ್ಲಿ ಬರೆಸಿ.